ಒದೆಯುವ ಬೈಕಿಗೆ ಕ್ಲಿಕ್ಕಿಗಿಂತ ಮೊದಲು ಟೇಪು

ಪ್ರಶ್ನೆ: ಸರ್, ನಮಸ್ಕಾರ. ನಮ್ಮದು ಜಮಖಂಡಿ ಹತ್ತಿರದ ಹಳ್ಳಿ. ನನ್ನ ಹತ್ತಿರ ಎಕ್ಸ್‌ಪಲ್ಸ್ 200 4ವಿ ಪ್ರೊ ಬೈಕ್ ಇದೆ. ನನ್ನ ತೂಕ 84 ಕೆ.ಜಿ. ನಾಲ್ಕೈದು ಗೆಳೆಯರು ಸೇರಿ ನಮ್ಮದೇ ಹೊಲದಲ್ಲಿ ಎರಡು ಕಿಲೋಮೀಟರಿನ ಟ್ರ್ಯಾಕ್ ಮಾಡಿಕೊಂಡಿದ್ದೇವೆ. ಅರ್ಧ ಮಡ್ಡಿ, ಬರೀ ಗರಸು ಮತ್ತು ಕಲ್ಲು. ಇನ್ನರ್ಧ ಎರಿ ಹೊಲದ ಬದಿಯ ಟ್ರ್ಯಾಕ್ಟರ್ ದಾರಿ. ಒಡ್ಡಿನ ಮೇಲಿಂದ ಜಿಗಿದಾಗ ಮುಂದಿನ ಫೋರ್ಕ್ ಠಪ್ ಅಂತ ತಳ ಮುಟ್ಟುತ್ತಿತ್ತು. ಗೆಳೆಯರು ಹೇಳಿದರು ಅಂತ ಹಿಂದೆ ಮುಂದೆ ಪ್ರಿಲೋಡ್ (ಸ್ಪ್ರಿಂಗನ್ನು ಮೊದಲೇ ಒತ್ತಿಡುವ ಬಿಗಿ) ಜಾಸ್ತಿ ಮಾಡಿ, ಕ್ಲಿಕ್ಕರ್‌ಗಳನ್ನೆಲ್ಲ, ಅಂದರೆ ಸಸ್ಪೆನ್ಷನ್ ಹೊಂದಿಸುವ ಸ್ಕ್ರೂಗಳನ್ನು, ಒಳಗೆ ತಿರುಗಿಸಿದೆ. ಈಗ ತಳ ಮುಟ್ಟೋದು ಸ್ವಲ್ಪ ಕಡಿಮೆ ಆಗಿದೆ. ಆದರೆ ಟ್ರ್ಯಾಕ್ಟರ್ ದಾರಿಯಲ್ಲಿ ಹಿಂದಿನ ಗಾಲಿ ಒದೆಯುತ್ತದೆ, ಎರಡು ಸುತ್ತಿಗೆ ಕೈ ಜೋಮು ಹಿಡಿಯುತ್ತದೆ. ಎಷ್ಟು ಕ್ಲಿಕ್ ಇಡಬೇಕು ಅಂತ ಸರಿಯಾದ ನಂಬರ್ ಹೇಳಿ.

ಉತ್ತರ: ನಂಬರ್ ಕೊಡೋದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ಬಹಳ ವರ್ಷದ ಹಿಂದೆ ನಾನೂ ಹೀಗೇ ಒಬ್ಬ ಒಳ್ಳೆ ಓಟಗಾರನ ಹತ್ತಿರ ಹೋಗಿ, ಅವನ ಕ್ಲಿಕ್ ಲೆಕ್ಕವನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಬಂದಿದ್ದೆ. ಅವನದು 60 ಕೆ.ಜಿ. ತೂಕ. ನನ್ನದು ಆಗಲೇ 90. ಬೈಕ್ ಒಂದೇ, ಟ್ರ್ಯಾಕ್ ಒಂದೇ, ಇನ್ನೇನು ಅಂದುಕೊಂಡೆ. ಮೂರನೇ ಸುತ್ತಿನಲ್ಲಿ ಹಿಂದಿನ ಗಾಲಿ ನನ್ನನ್ನು ಹ್ಯಾಂಡಲ್ ಮೇಲಿಂದ ಎತ್ತಿ ಒಗೆಯಿತು. ಬಲಗಡೆ ಹೆಗಲ ಮೂಳೆ ಇವತ್ತಿಗೂ ಚಳಿಗಾಲದಲ್ಲಿ ಮಾತಾಡುತ್ತದೆ. ಇನ್ನೊಬ್ಬರ ಕನ್ನಡಕ ಹಾಕಿಕೊಂಡು ಓದಲಿಕ್ಕೆ ಕೂತ ಹಾಗೆ ಅದು.

ನಾನು ಕೆಲಸ ಕಲಿತದ್ದು ಬೆಳಗಾವಿಯ ಉದ್ಯಮಬಾಗದಲ್ಲಿ, ಹೈಡ್ರಾಲಿಕ್ ಸಿಲಿಂಡರ್ ಮಾಡುವ ಕಡೆ. ಹಾಗಾಗಿ ಶಾಕ್ ಅಬ್ಸಾರ್ಬರ್ ನೋಡಿದರೆ ನನಗೆ ಬೈಕಿನ ಭಾಗ ಕಾಣೋದಿಲ್ಲ. ಸಣ್ಣ ತೂತಿನಿಂದ ನುಗ್ಗುವ ಎಣ್ಣೆ ಕಾಣುತ್ತದೆ. ನೀವೂ ಹಾಗೇ ನೋಡಿ. ಬ್ಯಾಂಕಿನ ಬಾಗಿಲ ಮೇಲೆ ಒಂದು ಡೋರ್ ಕ್ಲೋಸರ್ ಇರುತ್ತದಲ್ಲ, ಅದರ ಒಳಗೂ ಒಂದು ಸ್ಪ್ರಿಂಗು, ಒಂದಿಷ್ಟು ಎಣ್ಣೆ. ಬಾಗಿಲನ್ನು ಮುಚ್ಚೋದು ಸ್ಪ್ರಿಂಗು. ಅದು ದಡ್ ಅಂತ ಬಡಿಯದ ಹಾಗೆ ತಡೆಯೋದು ಎಣ್ಣೆ. ಬದಿಯ ಸ್ಕ್ರೂ ಬಿಗಿ ಮಾಡಿದರೆ ಬಾಗಿಲು ನಿಧಾನ, ಸಡಿಲ ಮಾಡಿದರೆ ವೇಗ. ನಿಮ್ಮ ಬೈಕಿನ ರಿಬೌಂಡ್ ಕ್ಲಿಕ್ಕರ್ ಮಾಡೋದು ಇಷ್ಟೇ ಕೆಲಸ. ಒತ್ತಿಹೋದ ಗಾಲಿ ಎಷ್ಟು ಬೇಗ ವಾಪಸ್ ಬರಬೇಕು ಅನ್ನೋದು ರಿಬೌಂಡ್. ಎಷ್ಟು ಸಲೀಸಾಗಿ ಒತ್ತಿಹೋಗಬೇಕು ಅನ್ನೋದು ಕಂಪ್ರೆಷನ್.

ಈಗ ಆ ಸ್ಕ್ರೂವನ್ನು ಪೂರ್ತಿ ಬಿಗಿ ಮಾಡಿದಿರಿ ಅಂದುಕೊಳ್ಳಿ. ಒಬ್ಬ ಬಾಗಿಲು ದೂಡಿ ಒಳಗೆ ಬಂದ. ಬಾಗಿಲು ಇನ್ನೂ ಅರ್ಧ ಮುಚ್ಚಿದೆ, ಎರಡನೆಯವ ಬಂದ, ಇನ್ನಷ್ಟು ದೂಡಿದ. ನಾಲ್ಕನೆಯವ ಬರುವ ಹೊತ್ತಿಗೆ ಬಾಗಿಲು ಗೋಡೆಗೆ ಅಂಟಿದೆ, ದೂಡಲು ಏನೂ ಉಳಿದಿಲ್ಲ. ನಿಮ್ಮ ಬೈಕಿಗೆ ಟ್ರ್ಯಾಕ್ಟರ್ ದಾರಿಯಲ್ಲಿ ಆಗುತ್ತಿರೋದು ಇದೇ ಅಂತ ನನ್ನ ಅಂದಾಜು. ಗಂಟೆಗೆ 36 ಕಿಲೋಮೀಟರ್ ವೇಗ ಅಂದರೆ ಸೆಕೆಂಡಿಗೆ 10 ಮೀಟರ್. ಮೀಟರಿಗೊಂದು ದಿಬ್ಬ ಇದ್ದರೆ ಸೆಕೆಂಡಿಗೆ 10 ದಿಬ್ಬ. ಒಂದು ದಿಬ್ಬ ದಾಟಿ ಮುಂದಿನ ದಿಬ್ಬದೊಳಗೆ ಗಾಲಿ ಪೂರ್ತಿ ಕೆಳಗೆ ಇಳಿಯಲು ಇರುವ ಸಮಯ ಸೆಕೆಂಡಿನ ಹತ್ತನೇ ಒಂದು ಭಾಗ. ರಿಬೌಂಡ್ ಪೂರ್ತಿ ಒಳಗೆ ತಿರುಗಿಸಿದ ಶಾಕ್ ಅಷ್ಟರಲ್ಲಿ ವಾಪಸ್ ಬರೋದಿಲ್ಲ. ಪ್ರತಿ ದಿಬ್ಬಕ್ಕೂ ಸ್ವಲ್ಪ ಸ್ವಲ್ಪ ಕುಗ್ಗುತ್ತಾ ಹೋಗಿ ಕೊನೆಗೆ ಕಟ್ಟಿಗೆಯ ಹಾಗೆ ಆಗುತ್ತದೆ. ನಾವು ಇದಕ್ಕೆ ಪ್ಯಾಕ್ ಆಗೋದು ಅನ್ನುತ್ತೇವೆ. ಇಲ್ಲೇ ಜನ ಮೋಸ ಹೋಗೋದು. ಕೈಗೆ ಗಟ್ಟಿ ಅನ್ನಿಸುತ್ತದೆ, ಹಾಗಾಗಿ ಕಂಪ್ರೆಷನ್ ಸಡಿಲ ಮಾಡುತ್ತಾರೆ. ಆಗ ಇನ್ನೂ ಬೇಗ ಕುಗ್ಗುತ್ತದೆ. ಇನ್ನೂ ಗಟ್ಟಿ.

ಆದರೆ ಕ್ಲಿಕ್ಕರ್ ಮುಟ್ಟುವ ಮೊದಲು ಬೇರೆ ಕೆಲಸ ಇದೆ. ಬೈಕಿನ ಜೊತೆ ಬಂದ ಪುಸ್ತಕ ತೆಗೆದು, ಕ್ಲಿಕ್ಕರ್‌ಗಳನ್ನೆಲ್ಲ ಕಂಪನಿ ಹೇಳಿದ ಜಾಗಕ್ಕೆ ವಾಪಸ್ ತನ್ನಿ. ಲೆಕ್ಕ ಮಾಡೋದು ಹೀಗೆ. ಸ್ಕ್ರೂವನ್ನು ಬಲಕ್ಕೆ ನಿಧಾನವಾಗಿ, ಬೆರಳ ತುದಿಯ ಬಲದಲ್ಲಿ, ನಿಲ್ಲುವ ತನಕ ತಿರುಗಿಸಿ. ಅಲ್ಲಿಂದ ಎಡಕ್ಕೆ ಕ್ಲಿಕ್ ಎಣಿಸಿ. ನಿಂತ ಮೇಲೆ ಇನ್ನೂ ಬಿಗಿಯಲು ಹೋಗಬೇಡಿ. ಒಳಗೆ ಸೂಜಿಯಂಥ ತುದಿ ಇರುತ್ತದೆ, ಅದು ತನ್ನ ಕುಳಿಯಲ್ಲಿ ಕಚ್ಚಿಕೊಂಡು ಹಾಳಾದರೆ ಮುಂದೆ ಎಷ್ಟು ಎಣಿಸಿದರೂ ಲೆಕ್ಕ ಸುಳ್ಳೇ. ಫೋರ್ಕಿನ ಎರಡೂ ಕಾಲಿಗೆ ಒಂದೇ ಥರದ ಸ್ಕ್ರೂ ಇದ್ದರೆ ಎರಡೂ ಕಡೆ ಒಂದೇ ಲೆಕ್ಕ ಇರಬೇಕು. ಇದನ್ನು ಯಾಕೆ ಹೇಳುತ್ತೇನೆ ಅಂದರೆ, ನನ್ನ ಹತ್ತಿರ ಬರುವ ಬೈಕುಗಳಲ್ಲಿ ಎಡ ಐದು, ಬಲ ಹನ್ನೊಂದು ಇದ್ದದ್ದನ್ನು ಎಷ್ಟೋ ಸಲ ನೋಡಿದ್ದೇನೆ.

ಇನ್ನು ಟೇಪಿನ ಕೆಲಸ. ನಿಮ್ಮ ಬೈಕಿನ ಮುಂದಿನ ಸಸ್ಪೆನ್ಷನ್ ಓಟ, ಅಂದರೆ ಗಾಲಿ ಮೇಲೆ ಕೆಳಗೆ ಹೋಗುವ ಒಟ್ಟು ದೂರ, 250 ಮಿ.ಮೀ., ಹಿಂದಿನದು 220 ಮಿ.ಮೀ. ನೀವು ಹೆಲ್ಮೆಟ್, ಬೂಟು, ನೀರಿನ ಚೀಲ ಎಲ್ಲ ಹಾಕಿಕೊಂಡು ಬೈಕಿನ ಮೇಲೆ ನಿಂತಾಗ, ಹಿಂದಿನ ಓಟದಲ್ಲಿ ಸುಮಾರು ಮೂರನೇ ಒಂದು ಭಾಗ ನಿಮ್ಮ ಭಾರಕ್ಕೇ ಕುಸಿದಿರಬೇಕು. ಅಂದರೆ 66 ರಿಂದ 73, ನೀವು 70 ಮಿ.ಮೀ. ಅಂತ ಇಟ್ಟುಕೊಳ್ಳಿ. ಇದನ್ನು ಸ್ಯಾಗ್ ಅನ್ನುತ್ತಾರೆ. ಯಾಕೆ ಕುಸಿಯಬೇಕು ಅಂತ ಕೇಳಬಹುದು. ಗಾಲಿಗೆ ಮೇಲೆ ಹೋಗುವ ಜಾಗ ಎಷ್ಟು ಬೇಕೋ, ಕುಳಿ ಬಂದಾಗ ಕೆಳಗೆ ಇಳಿಯುವ ಜಾಗವೂ ಬೇಕಲ್ವಾ? ಮೊದಲೇ ಪೂರ್ತಿ ಚಾಚಿಕೊಂಡು ನಿಂತ ಗಾಲಿ ಕುಳಿಯೊಳಗೆ ಇಳಿಯಲಾರದು, ಗಾಳಿಯಲ್ಲೇ ತೇಲುತ್ತದೆ. ನಿಮ್ಮ ಗೆಳೆಯರಲ್ಲಿ ಯಾರದಾದರೂ ಸಾದಾ ಎಕ್ಸ್‌ಪಲ್ಸ್ 200 4ವಿ ಇದ್ದರೆ ಅದರ ಹಿಂದಿನ ಓಟ 170 ಮಿ.ಮೀ., ಅವರಿಗೆ 55ರ ಸುತ್ತಮುತ್ತ ಸಾಕು. ದೊಡ್ಡ ಮೋಟೋಕ್ರಾಸ್ ಬೈಕುಗಳಲ್ಲಿ ಓಟ 300ರ ಹತ್ತಿರ ಇರುತ್ತದೆ, ಅದಕ್ಕೇ ಅವರು ಯಾವಾಗಲೂ 100 ಅಂತ ಮಾತಾಡೋದು. ಆ 100 ಅನ್ನು ನೀವು ಎತ್ತಿಕೊಳ್ಳಬೇಡಿ.

ಅಳೆಯಲು ಇಬ್ಬರು ಗೆಳೆಯರು ಬೇಕು. ಹಿಂದಿನ ಆಕ್ಸಲ್‌ನಿಂದ ನೇರ ಮೇಲೆ, ಮಡ್‌ಗಾರ್ಡಿನ ಬದಿಯಲ್ಲಿ ಒಂದು ಟೇಪ್ ತುಂಡು ಅಂಟಿಸಿ ಗುರುತು ಮಾಡಿ. ಬೈಕನ್ನು ಒಂದು ಪೆಟ್ಟಿಗೆಯ ಮೇಲೆ ಎತ್ತಿ ಗಾಲಿ ನೆಲ ಬಿಟ್ಟಾಗ ಒಂದು ಅಳತೆ. ಇಳಿಸಿ, ಬೈಕ್ ತನ್ನ ಭಾರಕ್ಕೇ ನಿಂತಾಗ ಎರಡನೇ ಅಳತೆ. ನೀವು ಫುಟ್‌ಪೆಗ್ ಮೇಲೆ ನಿಂತಾಗ ಮೂರನೇ ಅಳತೆ, ಒಬ್ಬ ಮುಂದೆ ಹ್ಯಾಂಡಲ್ ಹಿಡಿದಿರಲಿ. ಪ್ರತಿ ಸಲ ಸೀಟನ್ನು ಎರಡು ಮೂರು ಬಾರಿ ಒತ್ತಿ ಬಿಟ್ಟು, ತಾನಾಗಿ ನಿಂತ ಮೇಲೆ ಅಳೆಯಿರಿ. ಸೀಲುಗಳು ಸ್ವಲ್ಪ ಹಿಡಿದುಕೊಳ್ಳುತ್ತವೆ, ಅದಕ್ಕೆ ಎರಡು ಸಲ ಅಳೆದು ಸರಾಸರಿ ಹಿಡಿದರೆ ಒಳ್ಳೆಯದು.

ಉದಾಹರಣೆಗೆ ಗಾಲಿ ಗಾಳಿಯಲ್ಲಿ ಇದ್ದಾಗ 600, ಬೈಕ್ ಒಂದೇ ನಿಂತಾಗ 595, ನೀವು ನಿಂತಾಗ 545 ಬಂತು ಅನ್ನಿ. ನೀವು ನಿಂತಾಗಿನ ಕುಸಿತ 55, ಬೈಕಿನ ಸ್ವಂತ ಕುಸಿತ 5. ಎರಡೂ ಕಡಿಮೆ. ಪ್ರಿಲೋಡ್ ಬಿಗಿ ಜಾಸ್ತಿ ಆಗಿದೆ. ಕೊಕ್ಕೆ ಪಾನಾ ಹಾಕಿ ಸ್ಪ್ರಿಂಗ್ ಮೇಲಿನ ರಿಂಗ್ ಸಡಿಲ ಮಾಡುತ್ತಾ ನಿಮ್ಮ ಕುಸಿತವನ್ನು 70ಕ್ಕೆ ತಂದರೆ, ಬೈಕಿನ ಸ್ವಂತ ಕುಸಿತವೂ ಅಷ್ಟೇ ಹೆಚ್ಚಿ ಸುಮಾರು 20ಕ್ಕೆ ಬಂದು ಕೂಡುತ್ತದೆ. 20 ರಿಂದ 25 ಇದ್ದರೆ ಸ್ಪ್ರಿಂಗು ನಿಮಗೆ ಸರಿ ಇದೆ ಅಂತ ಅರ್ಥ.

ಇಲ್ಲಿ ಒಂದು ಗುಟ್ಟು ಇದೆ, ಬಹಳ ಮಂದಿ ಗಮನಿಸೋದಿಲ್ಲ. ಮೇಲಿನ ಲೆಕ್ಕದಲ್ಲಿ ಎರಡು ಕುಸಿತಗಳ ನಡುವಿನ ವ್ಯತ್ಯಾಸ 50. ಪ್ರಿಲೋಡ್ ಎಷ್ಟು ತಿರುಗಿಸಿದರೂ ಈ 50 ಹೆಚ್ಚುಕಡಿಮೆ ಹಾಗೇ ಇರುತ್ತದೆ. ಯಾಕಂದರೆ ಪ್ರಿಲೋಡ್ ಸ್ಪ್ರಿಂಗನ್ನು ಗಟ್ಟಿ ಮಾಡೋದಿಲ್ಲ. ಅದು ಬೈಕನ್ನು ಎತ್ತುತ್ತದೆ, ಇಳಿಸುತ್ತದೆ, ಅಷ್ಟೇ. ಆ 50 ತೀರ್ಮಾನ ಆಗೋದು ಸ್ಪ್ರಿಂಗಿನ ಗಟ್ಟಿತನದಿಂದ ಮತ್ತು ನಿಮ್ಮ ತೂಕದಿಂದ. ವ್ಯತ್ಯಾಸ 60 ದಾಟಿದರೆ ಸ್ಪ್ರಿಂಗು ನಿಮಗೆ ಮೆತ್ತಗೆ. 40ಕ್ಕಿಂತ ಕೆಳಗಿದ್ದರೆ ನಿಮಗೆ ಗಟ್ಟಿ. ಆಗ ಪ್ರಿಲೋಡ್ ಜೊತೆ ಗುದ್ದಾಡೋದು ಸುಮ್ನೆ ಟೈಂಪಾಸ್, ಸ್ಪ್ರಿಂಗೇ ಬದಲಾಯಿಸಬೇಕು. ಆದರೆ ಬೈಕಿನ ಸ್ವಂತ ಕುಸಿತ ಸೊನ್ನೆ ಬಂದರೆ ಈ ವ್ಯತ್ಯಾಸ ನಂಬಬೇಡಿ. ಶಾಕ್ ಪೂರ್ತಿ ಚಾಚಿ ತುದಿಗೆ ತಾಕಿ ನಿಂತಿದೆ ಅಂತ ಅರ್ಥ, ಮೊದಲು ಸಡಿಲ ಮಾಡಿ ಆಮೇಲೆ ಅಳೆಯಿರಿ. ಇನ್ನೊಂದು ಉಲ್ಟಾ ಮಾತು: ಮೆತ್ತಗಿನ ಸ್ಪ್ರಿಂಗಿಗೆ 70 ಬರಿಸಲು ಪ್ರಿಲೋಡ್ ಜಾಸ್ತಿ ಬಿಗಿಯಬೇಕಾಗುತ್ತದೆ, ಹಾಗಾಗಿ ಬೈಕ್ ಒಂಟಿಯಾಗಿ ನಿಂತಾಗ ಕುಸಿಯೋದೇ ಇಲ್ಲ. ಬರೀ ಬೈಕ್ ಒತ್ತಿ ನೋಡಿದವರು ಅದನ್ನೇ ‘ಗಟ್ಟಿ ಸ್ಪ್ರಿಂಗು’ ಅಂತ ತಪ್ಪು ತಿಳಿಯುತ್ತಾರೆ.

ಮುಂದಿನ ಫೋರ್ಕಿಗೂ ಇದೇ ಅಳತೆ, ನೀವು ನಿಂತಾಗ 60 ರಿಂದ 70 ಮಿ.ಮೀ. ಕುಸಿದರೆ ಸಾಕು.

ನಿಮ್ಮ ಫೋರ್ಕ್ ಇನ್ನೂ ಆಗೊಮ್ಮೆ ಈಗೊಮ್ಮೆ ತಳ ಮುಟ್ಟಲು ನಿಮ್ಮ ಹಿಂದಿನ ಪ್ರಿಲೋಡೇ ಒಂದು ಕಾರಣ. ಹಿಂಬದಿ ಎತ್ತಿದರೆ ಬೈಕಿನ ಮೂತಿ ಕೆಳಗಾಗುತ್ತದೆ. ಭಾರ ಮುಂದಕ್ಕೆ ಸರಿಯುತ್ತದೆ. ಒಡ್ಡಿನಿಂದ ಜಿಗಿದು ಇಳಿಯುವಾಗ ಅದೇ ಫೋರ್ಕ್ ಮೊದಲಿಗಿಂತ ಜಾಸ್ತಿ ಹೊರಬೇಕಾಗುತ್ತದೆ. ನೇರ ದಾರಿಯಲ್ಲಿ ಹ್ಯಾಂಡಲ್ ತಲೆ ಅಲ್ಲಾಡಿಸುತ್ತಿದ್ದರೂ ಕಾರಣ ಇದೇ ಇರಬಹುದು. ಹಿಂದೆ ಸರಿ ಮಾಡಿದರೆ ಮುಂದಿನ ಅರ್ಧ ರೋಗ ವಾಸಿ.

ಈಗ ಕ್ಲಿಕ್ಕರ್. ಮೊದಲು ಅಂಗಳದಲ್ಲೇ ನೋಡಿ. ಸೀಟನ್ನು ಜೋರಾಗಿ ಒತ್ತಿ ಬಿಡಿ. ಒಂದು ಸಲ ಮೇಲೆ ಬಂದು ಸುಮ್ಮನೆ ನಿಲ್ಲಬೇಕು. ಮೇಲೆ ಬಂದು ಮತ್ತೆ ಕುಣಿದರೆ ರಿಬೌಂಡ್ ವೇಗ ಜಾಸ್ತಿ. ನಾದಿದ ಜೋಳದ ಹಿಟ್ಟಿನಿಂದ ಕೈ ಎಳೆದ ಹಾಗೆ ಅಂಟಂಟಾಗಿ ಎದ್ದರೆ ನಿಧಾನ. ಇದು ಅಂದಾಜಿಗೆ ಮಾತ್ರ, ನಿಜವಾದ ಪರೀಕ್ಷೆ ಹೊಲದಲ್ಲಿ.

ಟ್ರ್ಯಾಕ್ಟರ್ ದಾರಿಯಲ್ಲಿ ಒಂದು ನೂರು ಮೀಟರ್ ಆರಿಸಿಕೊಳ್ಳಿ. ಎರಡು ಕಡೆ ಕೋಲು ನೆಡಿ. ಅದೇ ಗೇರು, ಅದೇ ವೇಗ, ಪ್ರತಿ ಸಲ. ಇಡೀ ಟ್ರ್ಯಾಕ್ ಸುತ್ತಿ ಬಂದು ‘ಈಗ ಚಲೋ ಅನಿಸಿತು’ ಅಂದರೆ ಏನೂ ತಿಳಿಯೋದಿಲ್ಲ, ಅವತ್ತು ನಿಮ್ಮ ಮನಸ್ಸೇ ಚಲೋ ಇದ್ದಿರಬಹುದು. ಮೊದಲು ಹತ್ತು ಹದಿನೈದು ನಿಮಿಷ ಓಡಿಸಿ ಎಣ್ಣೆ ಬಿಸಿಯಾಗಲಿ. ಬಿಸಿ ಎಣ್ಣೆ ತೆಳ್ಳಗಾಗುತ್ತದೆ, ತೂತಿನಿಂದ ಬೇಗ ನುಗ್ಗುತ್ತದೆ. ನಮ್ಮ ಕಡೆ ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ. ಬೆಳಿಗ್ಗೆ ಆರಕ್ಕೆ ಕೂಡಿಸಿದ ಸೆಟ್ಟಿಂಗು ಮಧ್ಯಾಹ್ನಕ್ಕೆ ಬೇರೆ ಬೈಕಿನ ಹಾಗೆ ಕಾಣುತ್ತದೆ.

ಗಮನ ಇಡಬೇಕಾದದ್ದು ಒಂದೇ ಕಡೆ: ಒದೆ ಯಾವ ದಿಬ್ಬಕ್ಕೆ ಬರುತ್ತದೆ? ಮೊದಲನೇ ದಿಬ್ಬಕ್ಕೇ ಹಿಂದಿನ ಗಾಲಿ ಚಿಮ್ಮಿದರೆ ರಿಬೌಂಡ್ ವೇಗ ಜಾಸ್ತಿ ಇದೆ, ಇಲ್ಲವೇ ಕಂಪ್ರೆಷನ್ ಗಟ್ಟಿ ಇದೆ. ಮೊದಲಿನ ಎರಡು ದಿಬ್ಬ ಚೆನ್ನಾಗಿ ನುಂಗಿ, ನಾಲ್ಕನೆಯದಕ್ಕೋ ಐದನೆಯದಕ್ಕೋ ಒದೆಯಲು ಶುರು ಮಾಡಿದರೆ ಅದು ಪ್ಯಾಕ್ ಆಗೋದೇ. ರಿಬೌಂಡನ್ನು ಎರಡು ಕ್ಲಿಕ್ ಎಡಕ್ಕೆ, ಅಂದರೆ ಹೊರಗೆ, ತಿರುಗಿಸಿ ಮತ್ತೆ ಹೋಗಿ. ಇನ್ನೂ ಇದ್ದರೆ ಮತ್ತೆರಡು. ಮೊದಲ ದಿಬ್ಬಕ್ಕೇ ಪುಟಿಯಲು ಶುರುವಾದ ತಕ್ಷಣ ಒಂದು ಕ್ಲಿಕ್ ವಾಪಸ್ ಬನ್ನಿ. ಒಂದು ಸಲಕ್ಕೆ ಒಂದೇ ಸ್ಕ್ರೂ. ಎರಡು ಸ್ಕ್ರೂ ಕೂಡಿಯೇ ತಿರುಗಿಸಿದರೆ ಯಾವುದು ಕೆಲಸ ಮಾಡಿತು ಅಂತ ದೇವರಿಗೂ ತಿಳಿಯೋದಿಲ್ಲ. ಕಿಸೆಯಲ್ಲಿ ಸಣ್ಣ ನೋಟ್‌ಬುಕ್ ಇರಲಿ.

ಒಂದು ದಿನ ಬೇಕಂತಲೇ ಆಟ ಆಡಿ. ರಿಬೌಂಡ್ ಪೂರ್ತಿ ಬಿಗಿ ಮಾಡಿ 20ರ ವೇಗದಲ್ಲಿ ಒಂದು ಸುತ್ತು, ಪೂರ್ತಿ ಸಡಿಲ ಮಾಡಿ ಅದೇ ನಿಧಾನ ವೇಗದಲ್ಲಿ ಇನ್ನೊಂದು ಸುತ್ತು. ಜಿಗಿಯಬೇಡಿ, ಜೋರು ಬೇಡ. ಎರಡು ತುದಿಯ ರುಚಿ ಒಮ್ಮೆ ಕಂಡರೆ ನಡುವೆ ಎಲ್ಲಿ ಇದ್ದೀರಿ ಅಂತ ಮೈಗೇ ತಿಳಿಯುತ್ತದೆ. ನಾನು ಹೊಸ ಹುಡುಗರಿಗೆ ಮೊದಲು ಮಾಡಿಸೋದು ಇದನ್ನೇ.

ಮುಂದೆ ತಳ ಮುಟ್ಟುವ ವಿಷಯಕ್ಕೆ ಬರೋಣ. ಫೋರ್ಕಿನ ಹೊಳೆಯುವ ಕೊಳವೆಗೆ ಒಂದು ಸಣ್ಣ ಕೇಬಲ್ ಟೈ ಸುತ್ತಿ. ಬಿಗಿ ಬೇಡ, ಬೆರಳಿನಿಂದ ಜಾರುವಷ್ಟು. ಅದನ್ನು ಸೀಲಿಗೆ ತಾಗಿಸಿ ಒಂದು ಸುತ್ತು ಹೋಗಿ ಬನ್ನಿ. ಟೈ ಎಲ್ಲಿ ನಿಂತಿದೆಯೋ ಅಲ್ಲಿಯ ತನಕ ಫೋರ್ಕ್ ಕುಗ್ಗಿದೆ. ಅತಿ ದೊಡ್ಡ ಜಿಗಿತದಲ್ಲಿ ಸುತ್ತಿಗೆ ಒಂದು ಸಲ ಮೆಲ್ಲಗೆ ತಳ ಮುಟ್ಟಿದರೆ ಅದು ತಪ್ಪಲ್ಲ. 250 ಮಿ.ಮೀ.ಗೆ ದುಡ್ಡು ಕೊಟ್ಟು 180 ಮಾತ್ರ ಬಳಸಿದರೆ ಉಳಿದ 70 ಯಾರಿಗಾಗಿ? ಪ್ರತಿ ಜಿಗಿತಕ್ಕೂ ಠಪ್ ಅಂದರೆ ಮಾತ್ರ ಔಷಧ ಬೇಕು.

ಆ ಔಷಧ ಪ್ರಿಲೋಡ್ ಅಲ್ಲ. ಕಂಪ್ರೆಷನ್ ಎರಡು ಕ್ಲಿಕ್ ಒಳಗೆ ತನ್ನಿ, ಮಡ್ಡಿಯ ಕಲ್ಲಿನ ಮೇಲೆ ಹೋಗಿ ನೋಡಿ. ಕಲ್ಲು ಕೈಗೆ ಹೊಡೆಯುತ್ತಿಲ್ಲ ಅಂದರೆ ಮುಗಿಯಿತು. ಹೊಡೆಯುತ್ತಿದ್ದರೆ ಆ ಎರಡು ಕ್ಲಿಕ್ ವಾಪಸ್ ತೆಗೆದು, ಎಣ್ಣೆಯ ಮಟ್ಟ ಏರಿಸಿ. ಎಣ್ಣೆ ಕುಗ್ಗೋದಿಲ್ಲ, ಅದರ ಮೇಲಿನ ಗಾಳಿ ಕುಗ್ಗುತ್ತದೆ. ಗಾಳಿಯ ಜಾಗ ಅರ್ಧ ಆದರೆ ಒತ್ತಡ ಎರಡು ಪಟ್ಟು. ಎಣ್ಣೆ ಸ್ವಲ್ಪ ಜಾಸ್ತಿ ಇದ್ದರೆ ಗಾಳಿಯ ಜಾಗ ಚಿಕ್ಕದು, ಹಾಗಾಗಿ ಓಟದ ಕೊನೆಯಲ್ಲಿ ಮಾತ್ರ ಫೋರ್ಕ್ ಗಟ್ಟಿ ಆಗುತ್ತದೆ. ಶುರುವಿನಲ್ಲಿ ಸಣ್ಣ ಕಲ್ಲು ನುಂಗುವ ಮೃದುತನ ಹಾಗೇ ಇರುತ್ತದೆ. ನಿಮಗೆ ಬೇಕಾದದ್ದು ನಿಖರವಾಗಿ ಇದೇ. ಪ್ರತಿ ಕಾಲಿಗೆ 5 ಮಿ.ಲೀ. ಹಾಕಿ ನೋಡಿ, ಸಾಲದಿದ್ದರೆ ಇನ್ನೊಂದು 5. ಅದಕ್ಕಿಂತ ಮುಂದೆ ಹೋಗಬೇಡಿ, ಸೀಲು ಸೋರಲು ಶುರುವಾಗುತ್ತದೆ. ಪುಸ್ತಕದಲ್ಲಿ ಹೇಳಿದ ದರ್ಜೆಯ ಫೋರ್ಕ್ ಎಣ್ಣೆಯನ್ನೇ ಹಾಕಿ. ಎಂಜಿನ್ ಆಯಿಲ್ ಹಾಕಿದ ಫೋರ್ಕುಗಳನ್ನೂ ನಾನು ಬಿಚ್ಚಿದ್ದೇನೆ, ಆ ವಾಸನೆ ಮರೆಯಲಾರೆ.

ಫೋರ್ಕಿನ ಮುಚ್ಚಳದಲ್ಲಿ ಗಾಳಿ ಬಿಡುವ ಸಣ್ಣ ಸ್ಕ್ರೂ ಇದ್ದರೆ, ಓಡಿಸುವ ಮೊದಲು ಮುಂದಿನ ಗಾಲಿ ಎತ್ತಿ ಅದನ್ನು ಒಮ್ಮೆ ತೆರೆದು ಮುಚ್ಚಿ. ಒಳಗೆ ಸೇರಿದ ಗಾಳಿ ಪುಸ್ ಅಂತ ಹೋಗುತ್ತದೆ.

ಹಿಂದಿನ ಶಾಕನ್ನು ಮಾತ್ರ ಮನೆಯಲ್ಲಿ ಬಿಚ್ಚಬೇಡಿ. ಹೆಚ್ಚಿನ ಶಾಕ್‌ಗಳಲ್ಲಿ ನೈಟ್ರೋಜನ್ ಗ್ಯಾಸನ್ನು ಭಾರಿ ಒತ್ತಡದಲ್ಲಿ ತುಂಬಿರುತ್ತಾರೆ. ಪಂಕ್ಚರ್ ಅಂಗಡಿಯವನು ‘ನಾ ಮಾಡ್ತೀನಿ ಬಿಡ್ರಿ’ ಅಂದರೂ ಬೇಡ.

ನಿಮ್ಮ ಮಣ್ಣಿನ ಬಗ್ಗೆ ಎರಡು ಮಾತು. ಎರಿ ಮಣ್ಣು ಹಸಿ ಇದ್ದಾಗ ಬೆಣ್ಣೆ, ಒಣಗಿದಾಗ ಇಟ್ಟಂಗಿ. ಸಕ್ಕರೆ ಕಾರ್ಖಾನೆ ಶುರುವಾದ ಮೇಲೆ ಕಬ್ಬಿನ ಟ್ರ್ಯಾಕ್ಟರುಗಳು ಹಸಿ ದಾರಿಯಲ್ಲಿ ಕೊರೆದ ಜಾಡು ಬೇಸಿಗೆಗೆ ಹಾಗೇ ಗಟ್ಟಿಯಾಗಿ, ಅದರೊಳಗೆ ಬಿರುಕು ಬೇರೆ ಬಿಡುತ್ತದೆ. ಅಂಥ ದಾರಿಗೆ ರಿಬೌಂಡ್ ಚುರುಕು ಇರಬೇಕು, ಮೇಲೆ ಹೇಳಿದ ಹಾಗೆ. ಮಳೆ ಬಿದ್ದ ಎರಿ ಹೊಲಕ್ಕೆ ಯಾವ ಸೆಟ್ಟಿಂಗೂ ಇಲ್ಲ, ಮನೆಯಲ್ಲಿ ಕೂತು ಮಿರ್ಚಿ ತಿನ್ನಿ. ಮಡ್ಡಿಯ ಚೂಪು ಕಲ್ಲಿಗೆ ಬೇಕಾದದ್ದು ಮೆತ್ತಗಿನ ಕಂಪ್ರೆಷನ್. ಬೈಕ್ ನಿಧಾನ ಹೋಗುತ್ತಿದ್ದರೂ ಕಲ್ಲು ತಾಗಿದ ಕ್ಷಣ ಗಾಲಿ ಬಹಳ ವೇಗದಲ್ಲಿ ಮೇಲೆ ಹೋಗಬೇಕಾಗುತ್ತದೆ, ಎಣ್ಣೆ ಅಡ್ಡ ನಿಂತರೆ ಆ ಏಟು ನಿಮ್ಮ ಮುಂಗೈಗೆ ಬರುತ್ತದೆ. ಇದೇ ಸೆಟ್ಟಿಂಗ್ ಇಟ್ಟುಕೊಂಡು ಖಾನಾಪುರದ ಕಡೆ ಬಂದರೆ ಕೆಂಪು ಜಂಬಿಟ್ಟಿಗೆ ಮಣ್ಣು, ಬೇರು, ಹಸಿ ಕಲ್ಲು. ಅಲ್ಲಿ ಇನ್ನೂ ಒಂದೆರಡು ಕ್ಲಿಕ್ ಮೆತ್ತಗೆ ಬೇಕಾಗುತ್ತದೆ. ಬಂದರೆ ಭೀಮಗಡ ಅಭಯಾರಣ್ಯದ ಗಡಿಯೊಳಗೆ ಮಾತ್ರ ಬೈಕ್ ನುಗ್ಗಿಸಬೇಡಿ. ಕಾನೂನು ಒಂದು ಕಡೆ ಇರಲಿ, ಕಾಡುಕೋಣಕ್ಕೆ ಸಸ್ಪೆನ್ಷನ್ ಬೇಕಾಗೋದಿಲ್ಲ.

ಟೈರಿನ ಗಾಳಿಯನ್ನು ನೀವು ಬರೆದೇ ಇಲ್ಲ. ಪೆಟ್ರೋಲ್ ಬಂಕಿನಲ್ಲಿ ರಸ್ತೆಗೆ ಅಂತ ತುಂಬಿಸಿದ ಗಾಳಿಯಲ್ಲೇ ಮಡ್ಡಿಗೆ ಇಳಿದರೆ, ನಾನು ಇಷ್ಟೊತ್ತು ಹೇಳಿದ್ದೆಲ್ಲ ವ್ಯರ್ಥ. ಮೊದಲ ಸಸ್ಪೆನ್ಷನ್ ಟೈರೇ. ನಿಮ್ಮ ತೂಕಕ್ಕೆ, ಕಲ್ಲಿನ ನೆಲಕ್ಕೆ, ಟ್ಯೂಬ್ ಇರುವ ಟೈರಿಗೆ 18 ರಿಂದ 20 ಪಿಎಸ್‌ಐ ಇಟ್ಟು ನೋಡಿ. ಇನ್ನೂ ಇಳಿಸಿದರೆ ಕಲ್ಲಿಗೆ ರಿಮ್ ತಾಗಿ ಟ್ಯೂಬು ಎರಡು ಕಡೆ ಹಾವು ಕಚ್ಚಿದ ಹಾಗೆ ಹರಿಯುತ್ತದೆ. ವಾಪಸ್ ರಸ್ತೆಗೆ ಬರುವಾಗ ತುಂಬಿಸೋದು ಮರೆಯಬೇಡಿ.

ಕೈ ಜೋಮಿಗೆ ಇನ್ನೊಂದು ಕಾರಣ ನೋಡಿಕೊಳ್ಳಿ. ಮುಂದಿನ ಗಾಲಿ ಬಿಚ್ಚಿ ಹಾಕಿದ್ದೀರಾ? ಆಕ್ಸಲ್ ಬಿಗಿ ಮಾಡುವಾಗ ಫೋರ್ಕಿನ ಎರಡು ಕಾಲು ಒಂದಕ್ಕೊಂದು ಎಳೆದುಕೊಂಡು ನಿಂತರೆ ಕೊಳವೆ ಒಳಗೆ ಉಜ್ಜುತ್ತದೆ, ಸಣ್ಣ ದಿಬ್ಬಕ್ಕೆ ಅಲ್ಲಾಡೋದೇ ಇಲ್ಲ. ಆಕ್ಸಲ್ ಹಿಡಿಯುವ ಬದಿಯ ಬೋಲ್ಟ್ ಇದ್ದರೆ ಸಡಿಲ ಮಾಡಿ, ಮುಂದಿನ ಬ್ರೇಕ್ ಹಿಡಿದು ಫೋರ್ಕನ್ನು ನಾಲ್ಕೈದು ಸಲ ಒತ್ತಿ, ಆಮೇಲೆ ಬಿಗಿ ಮಾಡಿ. ದೂಳಿನ ಸೀಲ್ ಕೆಳಗೆ ಇಳಿಸಿ ಒಳಗಿನ ಎರಿ ಮಣ್ಣು ಒರೆಸಿ. ಎಣ್ಣೆ ಸೀಲು ಸ್ವಲ್ಪ ಒಸರುತ್ತಿದ್ದರೆ ಹಳೇ ಎಕ್ಸ್‌ರೇ ಫಿಲ್ಮಿನಿಂದ ಕೊಕ್ಕೆ ಆಕಾರದ ತುಂಡು ಕತ್ತರಿಸಿ, ಸೀಲಿನ ಒಳಗೆ ತೂರಿಸಿ ಸುತ್ತಲೂ ಎಳೆದರೆ ಸಿಕ್ಕಿಕೊಂಡ ಮಣ್ಣು ಹೊರಗೆ ಬರುತ್ತದೆ. ಎಷ್ಟೋ ಸಲ ಹೊಸ ಸೀಲಿನ ಖರ್ಚು ಉಳಿಯುತ್ತದೆ. ಹಿಂದಿನ ಗಾಲಿಯನ್ನು ಹಿಡಿದಿರುವ ಸ್ವಿಂಗ್ ಆರ್ಮಿಗೂ ವರ್ಷಕ್ಕೊಮ್ಮೆ ಬಿಚ್ಚಿ ಗ್ರೀಸ್ ತಿನ್ನಿಸಿ. ಪ್ರೆಷರ್ ವಾಷರ್ ನೀರನ್ನು ನೇರ ಅದರ ಮೇಲೆ ಹೊಡೆಯಬೇಡಿ.

ಮತ್ತೆ, ಹ್ಯಾಂಡಲನ್ನು ಎಮ್ಮೆ ಹಗ್ಗ ಹಿಡಿದ ಹಾಗೆ ಹಿಡಿಯುತ್ತೀರಾ? ಮೊಣಕಾಲಿನಿಂದ ಟ್ಯಾಂಕ್ ಹಿಡಿಯಿರಿ, ಕೈ ಸಡಿಲ ಬಿಡಿ.

ಭಾನುವಾರ ಬೆಳಿಗ್ಗೆ ಬಿಸಿಲೇರುವ ಮೊದಲು ಅಳತೆ ಮುಗಿಸಿ, ಆಮೇಲೆ ಹೊಲಕ್ಕೆ ಹೋಗಿ. ಏನಾದರೂ ಸರಿ ಬರದಿದ್ದರೆ ಮತ್ತೆ ಬರೆಯಿರಿ. ಆದರೆ ಈ ಸಲ ಹಿಂದಿನ ಗಾಲಿಯ ಮೂರು ಅಳತೆ, ಮುಂದಿನ ಗಾಲಿಯ ಮೂರು ಅಳತೆ, ಟೈರ್ ಗಾಳಿ, ಕೇಬಲ್ ಟೈ ಎಲ್ಲಿ ನಿಂತಿತು, ಒದೆ ಎಷ್ಟನೇ ದಿಬ್ಬಕ್ಕೆ ಬಂತು, ಇಷ್ಟನ್ನೂ ಬರೆದು ಕಳಿಸಿ. ನೀರಿನ ಚೀಲ ಹೊತ್ತು ಪೂರ್ತಿ ವೇಷದಲ್ಲಿ ತಕ್ಕಡಿ ಮೇಲೆ ನಿಂತರೆ ಎಷ್ಟು ತೂಕ ಬರುತ್ತದೆ ಅನ್ನೋದನ್ನೂ. 84 ಅಂತ ಬರೆದಿದ್ದೀರಿ, 90ರ ಮೇಲೆ ಬರುತ್ತದೆ ಅಂತ ನನ್ನ ಗುಮಾನಿ.